ಫಲಕಕ್ಕೆ ಕಾಣದ ಕೆಂಪು: ನೀಲಗಿರಿಯ ಛಾಯಾಚಿತ್ರಗಳಲ್ಲಿ ದೃಷ್ಟಿ ಮತ್ತು ತಂತ್ರ

ಛಾಯಾಗ್ರಹಣವನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗುತ್ತದೆ. ಒಂದು, ಛಾಯಾಗ್ರಾಹಕನ ಕಣ್ಣನ್ನು ಕೊಂಡಾಡುವ ದಾರಿ. ಅಲ್ಲಿ ಕ್ಯಾಮೆರಾ ಎಂಬುದು ಕವಿಯ ಕೈಯ ಲೇಖನಿಯಂತೆ ಮರೆತುಬಿಡಬಹುದಾದ ವಸ್ತು. ಇನ್ನೊಂದು, ಯಂತ್ರವನ್ನು ವಿವರಿಸುವ ದಾರಿ. ಅಲ್ಲಿ ಮಸೂರ, ರಂಧ್ರ, ವೇಗಗಳ ಲೆಕ್ಕವೇ ಎಲ್ಲ. ಚಿತ್ರ ಆ ಲೆಕ್ಕದ ಫಲಿತಾಂಶ. ಇವೆರಡನ್ನೂ ಹೊಂದಿಸಬೇಕೆನ್ನುವವರು, ಒಳ್ಳೆಯ ಛಾಯಾಚಿತ್ರಕ್ಕೆ ಸೃಜನಶೀಲ ದೃಷ್ಟಿಯೂ ಬೇಕು, ತಾಂತ್ರಿಕ ಚಿಂತನೆಯೂ ಬೇಕು ಎಂಬ ಸಮಾಧಾನದ ಮಾತಿನಲ್ಲಿ ನಿಂತುಬಿಡುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ದೃಷ್ಟಿ ಮನುಷ್ಯನದು, ತಂತ್ರ ಯಂತ್ರದ್ದು, ಇವೆರಡೂ ಬೇರೆ ಬೇರೆ ಕಡೆಯಿಂದ ಬಂದು ಚಿತ್ರದಲ್ಲಿ ಕೂಡುತ್ತವೆ ಎಂಬ ಗ್ರಹಿಕೆಯನ್ನು ಅದು ಪ್ರಶ್ನಿಸದೆ ಉಳಿಸಿಕೊಳ್ಳುತ್ತದೆ.

ತಂತ್ರವೂ ಒಂದು ದೃಷ್ಟಿಯೇ. ಇನ್ನಾರೋ, ಇನ್ನೆಲ್ಲೋ, ಮೊದಲೇ ನೋಡಿ ತೀರ್ಮಾನಿಸಿಟ್ಟ ದೃಷ್ಟಿ. ಯಾವ ಬಣ್ಣ ಮುಖ್ಯ, ಯಾವ ಮೈಬಣ್ಣ ಸಹಜ, ಎಷ್ಟು ಹೊತ್ತಿನ ನಿಶ್ಚಲತೆ ಸಾಧ್ಯ ಎಂಬ ತೀರ್ಮಾನಗಳು ಫಲಕದ ಲೇಪದಲ್ಲಿಯೂ ಮಸೂರದ ಗಾಜಿನಲ್ಲಿಯೂ ಹೆಪ್ಪುಗಟ್ಟಿರುತ್ತವೆ. ಛಾಯಾಗ್ರಹಣದ ಸೃಜನಶೀಲತೆ ಆ ತೀರ್ಮಾನಗಳನ್ನು ಗುರುತಿಸಿ, ಅಗತ್ಯವಿದ್ದಲ್ಲಿ ಮತ್ತೆ ತೆರೆಯುವುದರಲ್ಲಿದೆ. ಈ ವಾದವನ್ನು ಪರೀಕ್ಷಿಸಲು ನೀಲಗಿರಿ ತಕ್ಕ ನೆಲೆ. ಒಂದೂವರೆ ಶತಮಾನದಿಂದ ಎಡೆಬಿಡದೆ ಛಾಯಾಚಿತ್ರಕ್ಕೊಳಗಾದ ಬೆಟ್ಟಗಳಿವು. ಅದರಲ್ಲೂ ಪಶ್ಚಿಮದ ಅಂಚಿನ ಕುಂದಾ, ಬಡಗರ ನಾಲ್ಕು ಸೀಮೆಗಳಲ್ಲಿ ಒಂದಾದ ಕುಂದೆ ಸೀಮೆ, ಈ ಪ್ರಶ್ನೆಗೆ ಇನ್ನೊಂದು ಆಯಾಮವನ್ನು ಒದಗಿಸುತ್ತದೆ. ಅಲ್ಲಿಯ ಜನರ ಮುಖವನ್ನು ಫಲಕ ಹೇಗೆ ಗ್ರಹಿಸಿತು ಎಂದು ಕೇಳಹೊರಟರೆ, ಅವರ ಮಾತನ್ನು ಕನ್ನಡ ಹೇಗೆ ಗ್ರಹಿಸಿತು ಎಂಬ ಪ್ರಶ್ನೆಯೂ ಜೊತೆಯಲ್ಲೇ ಏಳುತ್ತದೆ.

ಒದ್ದೆ ಫಲಕ ಮತ್ತು ಮಂಜಿನ ಬೆಟ್ಟ

ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಕೊಲೋಡಿಯನ್ ಪದ್ಧತಿ ಮುಂದಿನ ಮೂರು ದಶಕಗಳ ಕಾಲ ಛಾಯಾಗ್ರಹಣವನ್ನು ಆಳಿತು. ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ ಸಿಡಿಹತ್ತಿಗೆ ಅಯೋಡೈಡ್ ಲವಣಗಳನ್ನು ಬೆರೆಸಿ, ಗಾಜಿನ ಮೇಲೆ ತೆಳುವಾಗಿ ಹರಿಸಿ, ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಲೇಪ ಒಣಗುವ ಮೊದಲೇ ಅದನ್ನು ಕ್ಯಾಮೆರಾದೊಳಗಿಟ್ಟು, ಬೆಳಕಿಗೊಡ್ಡಿ, ಮತ್ತೆ ಕತ್ತಲೆಗೆ ತಂದು ಸಂಸ್ಕರಿಸಬೇಕು. ಇದಕ್ಕೆಲ್ಲ ಸಿಗುತ್ತಿದ್ದುದು ಹತ್ತು ಹದಿನೈದು ನಿಮಿಷ. ಹೀಗಾಗಿ ಛಾಯಾಗ್ರಾಹಕ ಹೋದಲ್ಲೆಲ್ಲ ಅವನ ಹಿಂದೆ ಗಾಜಿನ ಪೆಟ್ಟಿಗೆಗಳು, ರಾಸಾಯನಿಕಗಳ ಸೀಸೆಗಳು, ನೀರು, ಕತ್ತಲೆಯ ಡೇರೆ, ಇವನ್ನೆಲ್ಲ ಹೊರುವ ಕೂಲಿಯಾಳುಗಳು ಹೋಗಲೇಬೇಕಿತ್ತು.

ಬಯಲುಸೀಮೆಯ ಬಿಸಿಲಿನಲ್ಲಿ ಈಥರ್ ಬೇಗ ಆರುತ್ತಿತ್ತು. ಬೆಟ್ಟದ ತಂಪಿನಲ್ಲಿ ಫಲಕಕ್ಕೆ ತುಸು ಹೆಚ್ಚು ಆಯುಸ್ಸಿತ್ತು. ಗಿರಿಧಾಮಗಳು ಛಾಯಾಗ್ರಹಣಕ್ಕೆ ಒಗ್ಗಿಬಂದುದಕ್ಕೆ ಐರೋಪ್ಯ ಗಿರಾಕಿಗಳ ಜೊತೆಗೆ ಈ ರಸಾಯನ ಸಂಗತಿಯೂ ಕಾರಣವಾಗಿರಬೇಕು. ಉದಕಮಂಡಲದಲ್ಲಿ ನಿಕೋಲಸ್ ಸಹೋದರರ ಸ್ಟುಡಿಯೊ ನೆಲೆಗೊಂಡಿತು. 1865ರಲ್ಲಿ ಹದಿಹರೆಯದ ಹುಡುಗನಾಗಿ ಅಲ್ಲಿಗೆ ಬಂದ ಎ. ಟಿ. ಡಬ್ಲ್ಯು. ಪೆನ್ ಮುಂದೆ ದಶಕಗಳ ಕಾಲ ಬೆಟ್ಟದ ನೋಟಗಳನ್ನೂ ಜನರನ್ನೂ ಚಿತ್ರಿಸಿದ. ಹಿಮಾಲಯದ ಯಾತ್ರೆಗಳಿಂದ ಹೆಸರಾಗಿದ್ದ ಸ್ಯಾಮ್ಯುಯೆಲ್ ಬೋರ್ನ್ ಕೂಡ ಅದೇ ದಶಕದ ಕೊನೆಯ ಹೊತ್ತಿಗೆ ನೀಲಗಿರಿಯಲ್ಲಿ ಚಿತ್ರ ತೆಗೆದ.

ಈ ಕಾಲದ ತೋಡರ ಚಿತ್ರಗಳಲ್ಲಿ ಒಂದು ವಿನ್ಯಾಸ ಮತ್ತೆ ಮತ್ತೆ ಕಾಣುತ್ತದೆ. ಅರ್ಧ ಪೀಪಾಯಿಯಂತೆ ಬಾಗಿದ ಗುಡಿಸಲು, ಅದರ ತೀರ ತಗ್ಗಾದ ಬಾಗಿಲು, ಮುಂದೆ ಪುಟ್‌ಕುಳಿ ಹೊದ್ದು ಕುಳಿತ ಅಥವಾ ನಿಂತ ಜನರ ಗುಂಪು, ಹಿಂದೆ ಶೋಲಾ ಕಾಡಿನ ಕಪ್ಪು ಅಂಚು. ಇದನ್ನು ವಸಾಹತುಶಾಹಿ ಕಣ್ಣು ಹುಡುಕಿದ ಆದಿಮ ಪ್ರಶಾಂತತೆ ಎಂದು ವಿವರಿಸುವುದು ವಾಡಿಕೆ. ಆ ವಿವರಣೆಯಲ್ಲಿ ಸತ್ಯವಿದೆ, ಆದರೆ ಅದು ಅರ್ಧ ಮಾತ್ರ. ಫಲಕಕ್ಕೆ ಹಲವು ಸೆಕೆಂಡುಗಳ ಬೆಳಕು ಬೇಕಿದ್ದಾಗ ಚಲನೆಯೇ ಚಿತ್ರದ ಶತ್ರು. ತೋಡರ ಬದುಕಿನ ನಡುವಿನಲ್ಲಿದ್ದದ್ದು ಎಮ್ಮೆ. ಹಾಲು ಕರೆಯುವುದು, ಮಜ್ಜಿಗೆ ಕಡೆಯುವುದು, ಎಮ್ಮೆಯ ಹಿಂಡನ್ನು ಒಂದು ಮಂದಿನಿಂದ ಇನ್ನೊಂದಕ್ಕೆ ಅಟ್ಟುವುದು, ಇವೆಲ್ಲ ಚಲನೆಗಳು. ಒದ್ದೆ ಫಲಕದಲ್ಲಿ ಅವು ಮಬ್ಬು ಕಲೆಗಳಷ್ಟೇ ಆಗುತ್ತಿದ್ದವು. ಗುಡಿಸಲು ಅಲುಗಾಡುವುದಿಲ್ಲ, ಕುಳಿತ ಮನುಷ್ಯನಿಗೆ ಅಲುಗದಿರಲು ಹೇಳಬಹುದು. ದುಡಿಯುವ ಸಮುದಾಯವೊಂದು ಚಿತ್ರದಲ್ಲಿ ಸುಮ್ಮನೆ ಕುಳಿತ ಸಮುದಾಯವಾಗಿ ಉಳಿದದ್ದು ಹೀಗೆ. ಕುಳ್ಳಿರಿಸಿದ್ದು ಫಲಕದ ಮಿತಿ. ಆ ಮಿತಿಯ ಫಲವನ್ನು ಜನಾಂಗದ ಸ್ವಭಾವವೆಂದು ಓದಿಕೊಂಡದ್ದು ನೋಡುಗನ ದೃಷ್ಟಿ. ಎರಡೂ ಪರಸ್ಪರ ಪೋಷಿಸಿಕೊಂಡವು.

ಕುಂದಾದ ವಿಷಯದಲ್ಲಿ ಈ ಮಿತಿ ಇನ್ನೊಂದು ರೂಪ ತಾಳುತ್ತದೆ. ನೈಋತ್ಯ ಮಳೆಗಾಳಿಯ ಮೊದಲ ಹೊಡೆತವನ್ನು ತಡೆಯುವುದು ಕುಂದಾ ಶ್ರೇಣಿ. ಉದಕಮಂಡಲ ಅದರ ಮರೆಯಲ್ಲಿದೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಕ್ಕಿದ ಮಳೆ ದಾಖಲಾಯಿತೆಂಬುದನ್ನು ನೆನೆದರೆ ಈ ಭೂಗೋಳ ಅರ್ಥವಾಗುತ್ತದೆ. ಕಲ್ಲಿಕೋಟೆಯ ಕಡೆಯಿಂದ ಸಿಸ್ಪಾರ ಘಾಟಿಯ ಮೂಲಕ ಕುಂದಾವನ್ನು ದಾಟಿ ಬರುತ್ತಿದ್ದ ದಾರಿಯೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೈಬಿಟ್ಟುಹೋಯಿತು. ಗಾಜು, ಈಥರ್, ಡೇರೆಗಳನ್ನು ಹೊತ್ತು ತಿಂಗಳುಗಟ್ಟಲೆ ಮಂಜು ಮುಸುಕಿದ ಈ ಇಳಿಜಾರುಗಳಿಗೆ ಹೋಗುವುದು ಸ್ಟುಡಿಯೊ ವ್ಯವಹಾರಕ್ಕೆ ಲಾಭವಲ್ಲ. ನೀಲಗಿರಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವ ಚಿತ್ರ ಉದಕಮಂಡಲದ ಸುತ್ತಲಿನ ಹುಲ್ಲುಗಾವಲಿನದಾಗಿ, ಕುಂದಾದ ಮಳೆಯಿಳಿಜಾರಿನದಾಗದೆ ಹೋದದ್ದರಲ್ಲಿ ಫಲಕ ಒಣಗುವ ವೇಗಕ್ಕೂ ಪಾಲಿದೆ.

ಬಿಳಿ ಬಟ್ಟೆ, ಕಂದು ಮೈ

ಒದ್ದೆ ಫಲಕದ ಇನ್ನೊಂದು ಗುಣ ಹೆಚ್ಚು ಸೂಕ್ಷ್ಮವಾದದ್ದು, ಅದರ ಪರಿಣಾಮ ಹೆಚ್ಚು ದೂರ ಹೋದದ್ದು. ಅದು ನೀಲಿ, ನೇರಿಳೆ ಮತ್ತು ಅತಿನೇರಿಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ಹಳದಿಗೆ ಅದು ಬಹುಮಟ್ಟಿಗೆ ಕುರುಡು, ಕೆಂಪಿಗೆ ಪೂರ್ತಿ ಕುರುಡು. ನೀಲಿ ಆಕಾಶ ಬಿಳಿಯ ಹಾಳೆಯಾಗುತ್ತಿತ್ತು, ಮೋಡಗಳು ಅಳಿಸಿಹೋಗುತ್ತಿದ್ದವು. ಕೆಂಪಾದದ್ದೆಲ್ಲ ಕಪ್ಪಾಗುತ್ತಿತ್ತು. ತೋಡ ಹೆಂಗಸರು ಬಿಳಿಯ ಪುಟ್‌ಕುಳಿಯ ಮೇಲೆ ಕೆಂಪು ಮತ್ತು ಕಪ್ಪು ನೂಲಿನಿಂದ ಎಣಿಸಿ ಎಣಿಸಿ ಹಾಕುವ ಕಸೂತಿಯನ್ನು ಈ ಫಲಕದ ಮುಂದಿಟ್ಟರೆ ಎರಡು ಬಣ್ಣಗಳ ನಡುವಿನ ಭೇದವೇ ಇಲ್ಲವಾಗುತ್ತದೆ. ಆ ಕಸೂತಿಯ ವಿನ್ಯಾಸ ನಿಂತಿರುವುದೇ ಆ ಭೇದದ ಮೇಲೆ. ಚಿತ್ರ ಸ್ಫುಟವಾಗಿರುತ್ತದೆ, ಎಳೆ ಎಳೆಯೂ ಕಾಣುತ್ತದೆ, ಆದರೆ ಕಸೂತಿಯ ವ್ಯಾಕರಣ ಕಾಣೆಯಾಗಿರುತ್ತದೆ. ಸ್ಫುಟತೆಯೂ ನಿಷ್ಠೆಯೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಸಿಗುವುದು ಕಷ್ಟ.

ಮನುಷ್ಯರ ಮುಖಕ್ಕೆ ಬಂದಾಗ ಈ ಕುರುಡಿನ ಬೆಲೆ ಹೆಚ್ಚುತ್ತದೆ. ಕಂದು ಮೈಬಣ್ಣ ಹೊರಸೂಸುವ ಬೆಳಕಿನಲ್ಲಿ ಕೆಂಪು ಹಳದಿಗಳ ಪಾಲು ಹೆಚ್ಚು, ನೀಲಿಯ ಪಾಲು ಕಡಿಮೆ. ಫಲಕ ಆ ಹೆಚ್ಚಿನ ಪಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವುದಕ್ಕಿಂತ ಮೈಬಣ್ಣ ಚಿತ್ರದಲ್ಲಿ ಕಪ್ಪಾಗಿರುತ್ತದೆ. ಬಡಗರ ಉಡುಗೆಯೋ ಬಿಳಿ. ಗಂಡಸರು ಹೊದೆಯುವ ಸೀಲೆ, ಹೆಂಗಸರು ಹಣೆಗೆ ಬಿಗಿದು ಕಟ್ಟುವ ಮಂಡೆಪಟ್ಟು, ಎರಡೂ ಬೆಳಕನ್ನು ಪೂರ್ತಿಯಾಗಿ ಹಿಂದಿರುಗಿಸುತ್ತವೆ. ಬಟ್ಟೆಯ ಮಡಿಕೆಗಳು ಕಾಣಬೇಕೆಂದರೆ ಬೆಳಕನ್ನು ಕಡಿಮೆ ಕೊಡಬೇಕು. ಆಗ ಮುಖ ಕತ್ತಲೆಯಾಗುತ್ತದೆ. ಮುಖದ ಭಾವ ಕಾಣಬೇಕೆಂದರೆ ಬೆಳಕನ್ನು ಹೆಚ್ಚು ಕೊಡಬೇಕು. ಆಗ ಬಟ್ಟೆ ಬರಿಯ ಬಿಳಿ ಕಲೆಯಾಗುತ್ತದೆ. ಎರಡನ್ನೂ ಉಳಿಸಿಕೊಳ್ಳಬೇಕಾದರೆ ವ್ಯಕ್ತಿಗಳನ್ನು ಬಿಸಿಲಿನಿಂದ ತೆರೆದ ನೆರಳಿಗೆ ಸರಿಸಬೇಕು, ಸಂಸ್ಕರಣೆಯನ್ನು ಹದವಾಗಿಸಬೇಕು, ಮುದ್ರಿಸುವಾಗ ಮುಖದ ಭಾಗಕ್ಕೆ ಬೇರೆಯೇ ಗಮನ ಕೊಡಬೇಕು. ಇವೆಲ್ಲ ಆಗ ಸಾಧ್ಯವಿದ್ದ ಕೆಲಸಗಳೇ; ನುರಿತ ಛಾಯಾಗ್ರಾಹಕರಿಗೆ ಇವೆಲ್ಲ ಗೊತ್ತಿದ್ದವು. ಆದರೆ ಸಮಯ, ಶ್ರಮ, ಗಾಜು ಖರ್ಚಾಗುವ ಕೆಲಸಗಳಿವು. ಯಾರ ಮುಖಕ್ಕಾಗಿ ಆ ಖರ್ಚು ಮಾಡಬೇಕು ಎಂಬ ಪ್ರಶ್ನೆ ತಂತ್ರದ ಒಳಗೇ ಕುಳಿತಿತ್ತು. ಹಣ ಕೊಟ್ಟು ಸ್ಟುಡಿಯೊಗೆ ಬಂದ ಗಿರಾಕಿಯ ಮುಖಕ್ಕೂ ‘ಮಾದರಿ’ಯಾಗಿ ನಿಲ್ಲಿಸಲಾದವನ ಮುಖಕ್ಕೂ ಆ ಪ್ರಶ್ನೆಯ ಉತ್ತರ ಒಂದೇ ಆಗಿರಬೇಕಾಗಿರಲಿಲ್ಲ.

ಇಂಥ ಚಿತ್ರಗಳನ್ನು ಜನಾಂಗ ವರ್ಣನೆಯ ಪುಸ್ತಕಗಳು ಪುರಾವೆಯಾಗಿ ಬಳಸಿಕೊಂಡವು. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಬೆಟ್ಟದ ಬುಡಕಟ್ಟುಗಳನ್ನೂ ಪ್ರಾಚೀನ ಸಮಾಧಿಗಳನ್ನೂ ಕುರಿತು ಸಿದ್ಧಪಡಿಸಿದ್ದ ಸಚಿತ್ರ ಗ್ರಂಥ ಅವನ ಮರಣಾನಂತರ 1873ರಲ್ಲಿ ಅವನ ಪತ್ನಿಯ ಸಂಪಾದಕತ್ವದಲ್ಲಿ ಹೊರಬಂತು. ತೋಡರ ತಲೆಬುರುಡೆಯ ಆಕಾರದಿಂದ ಅವರ ಗುಣವನ್ನು ಊಹಿಸಹೊರಟ ವಿಲಿಯಂ ಮಾರ್ಷಲ್‌ನ ಪುಸ್ತಕವೂ ಅದೇ 1873ರದು. ಜರ್ಮನಿಯ ಹೆರ್ಮನ್ ವಿಲ್ಹೆಲ್ಮ್ ಫೋಗೆಲ್, ಲೇಪಕ್ಕೆ ಕೆಲವು ಬಣ್ಣದ ರಾಸಾಯನಿಕಗಳನ್ನು ಬೆರೆಸಿದರೆ ಫಲಕಕ್ಕೆ ಹಸಿರು ಹಳದಿಗಳೂ ಕಾಣುತ್ತವೆ ಎಂದು ಕಂಡುಕೊಂಡದ್ದು ಕೂಡ 1873ರಲ್ಲಿಯೇ. ಫಲಕಕ್ಕೆ ಕಾಣದ ಬಣ್ಣಗಳಿವೆ, ಅದನ್ನು ತಿದ್ದಬಹುದು ಎಂದು ಪ್ರಯೋಗಶಾಲೆಯೊಂದು ತೋರಿಸಿದ ವರ್ಷವೇ, ತಿದ್ದದ ಫಲಕದ ಸಾಕ್ಷ್ಯವನ್ನು ನಂಬಿದ ಪುಸ್ತಕಗಳು ಲಂಡನ್ನಿನಲ್ಲಿ ಅಚ್ಚಾದವು. ಕೆಂಪಿನವರೆಗೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕ ಮಾರುಕಟ್ಟೆಗೆ ಬರಲು ಇಪ್ಪತ್ತನೆಯ ಶತಮಾನದ ಮೊದಲ ದಶಕದವರೆಗೆ ಕಾಯಬೇಕಾಯಿತು.

ಅಳತೆಗೋಲು

ಅದೇ ಕಾಲದಲ್ಲಿ ಇನ್ನೊಂದು ಬಗೆಯ ತಾಂತ್ರಿಕ ಚಿಂತನೆ ಛಾಯಾಗ್ರಹಣದೊಳಗೆ ಬಂತು. 1869ರಲ್ಲಿ ಟಿ. ಎಚ್. ಹಕ್ಸ್ಲಿ ಸಾಮ್ರಾಜ್ಯದ ಪ್ರಜೆಗಳನ್ನು ಒಂದೇ ಕ್ರಮದಲ್ಲಿ ಚಿತ್ರಿಸುವ ಸೂಚನೆಗಳನ್ನು ರೂಪಿಸಿದ: ಬೆತ್ತಲೆ ದೇಹ, ಮುಂದಿನಿಂದಲೂ ಪಕ್ಕದಿಂದಲೂ, ಜೊತೆಗೊಂದು ಅಳತೆಗೋಲು. ಅದೇ ವರ್ಷ ಜೆ. ಲ್ಯಾಂಪ್ರಿ ಎಂಬಾತ ರೇಷ್ಮೆ ದಾರಗಳಿಂದ ಎರಡೆರಡು ಅಂಗುಲದ ಚೌಕಗಳ ಪರದೆಯನ್ನು ಕಟ್ಟಿ ಅದರ ಮುಂದೆ ಮನುಷ್ಯರನ್ನು ನಿಲ್ಲಿಸುವ ಉಪಾಯವನ್ನು ಮುಂದಿಟ್ಟ. ಛಾಯಾಚಿತ್ರವನ್ನು ಹೋಲಿಸಬಹುದಾದ ಅಂಕಿಯಾಗಿ ಪರಿವರ್ತಿಸುವ ಆಸೆ ಇದು. ಮುಂದೆ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದೇಹದ ಅಳತೆಗಳನ್ನು ಛಲದಿಂದ ಸಂಗ್ರಹಿಸಿದ. 1909ರಲ್ಲಿ ಕೆ. ರಂಗಾಚಾರಿಯವರ ಸಹಯೋಗದಲ್ಲಿ ಹೊರಬಂದ ಏಳು ಸಂಪುಟಗಳಲ್ಲಿ ಆ ಅಳತೆಗಳೂ ಛಾಯಾಚಿತ್ರಗಳೂ ಜೊತೆಜೊತೆಗೇ ಇವೆ.

ಇಲ್ಲಿ ಸೃಜನಶೀಲತೆಗೆ ಎಡೆಯೇ ಇರಲಿಲ್ಲ, ಇದು ಬರಿಯ ತಂತ್ರ ಎಂದು ತಳ್ಳಿಹಾಕುವುದು ಸುಲಭ. ಆದರೆ ಚೌಕಗಳ ಪರದೆ ಒಂದು ರಚನೆ. ಅದರ ಹಿಂದೆ ಕಲ್ಪನೆಯಿದೆ. ಮನುಷ್ಯನಿಂದ ಅವನ ಊರು, ಕೆಲಸ, ಮಾತು, ಬಟ್ಟೆಗಳನ್ನು ಕಳೆದರೂ ಅವನು ಏನೆಂಬುದು ಉಳಿಯುತ್ತದೆ ಎಂಬ ಕಲ್ಪನೆ ಅದು. ತಂತ್ರದ ನಿರ್ಲಿಪ್ತತೆ ಆ ಕಲ್ಪನೆಯನ್ನು ಮರೆಮಾಡುವ ಶೈಲಿ ಮಾತ್ರ. ಛಾಯಾಗ್ರಹಣದ ಚರಿತ್ರೆಯಲ್ಲಿ ಅತ್ಯಂತ ‘ತಾಂತ್ರಿಕ’ವಾದ ಚಿತ್ರಗಳೇ ಅತ್ಯಂತ ಗಾಢವಾಗಿ ಕಲ್ಪಿತವಾದವು ಎಂದರೆ ವಿರೋಧಾಭಾಸವೆನಿಸಬಹುದು. ನೀಲಗಿರಿಯ ಸಾಮಗ್ರಿ ಅದನ್ನೇ ಹೇಳುತ್ತದೆ.

ಕುಂದಾ ಛಾಯಾಚಿತ್ರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಳ್ಳುವ ಕಾಲ ಬಂದದ್ದು 1950ರ ದಶಕದ ನಂತರ, ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ಕಟ್ಟಲ್ಪಟ್ಟಾಗ. ಅವಲಾಂಚಿ, ಎಮರಾಲ್ಡ್, ಮೇಲ್ಭವಾನಿಗಳ ಜಲಾಶಯಗಳು, ಗೆದ್ದೆಯ ಕಡೆಗೆ ಬೆಟ್ಟವಿಳಿಯುವ ಕೊಳವೆಗಳು ಹೊಸ ದೃಶ್ಯವಾದವು. ಅಣೆಕಟ್ಟಿನ ಛಾಯಾಗ್ರಹಣಕ್ಕೆ ಜಗತ್ತಿನೆಲ್ಲೆಡೆ ಒಂದು ರೂಢಿಯಿದೆ: ಕಾಂಕ್ರೀಟಿನ ಗೋಡೆಯ ಬುಡದಲ್ಲಿ ಸಣ್ಣದಾಗಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಗೋಡೆಯ ಎತ್ತರ ತಿಳಿಯುವಂತೆ ಮಾಡುವುದು. ಹಕ್ಸ್ಲಿಯ ಚಿತ್ರದಲ್ಲಿ ಗೋಲು ಮನುಷ್ಯನನ್ನು ಅಳೆಯುತ್ತಿತ್ತು. ಅಣೆಕಟ್ಟಿನ ಚಿತ್ರದಲ್ಲಿ ಮನುಷ್ಯನೇ ಗೋಲು. ಎರಡರಲ್ಲಿಯೂ ಅವನ ಹೆಸರು ಬೇಕಾಗುವುದಿಲ್ಲ.

ಲಿಪಿಯೆಂಬ ಫಲಕ

ಈ ಹಂತದಲ್ಲಿ ಕನ್ನಡದ ವಿಮರ್ಶೆ ತನ್ನ ಕಡೆಗೂ ಕನ್ನಡಿ ಹಿಡಿದುಕೊಳ್ಳಬೇಕಾಗುತ್ತದೆ. ವಸಾಹತುಶಾಹಿಯ ಫಲಕವನ್ನು ಟೀಕಿಸುವುದು ಇಂದು ಸುಲಭವಾದ ಕೆಲಸ. ಬಡಗ ನುಡಿಯನ್ನು ಕನ್ನಡ ಯಾವ ಫಲಕದ ಮೇಲೆ ಹಿಡಿದಿದೆ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ.

ಎಂ. ಬಿ. ಎಮೆನೋ 1939ರಲ್ಲಿ ಬಡಗ ಸ್ವರಗಳನ್ನು ಕುರಿತು ಪ್ರಕಟಿಸಿದ ಚಿಕ್ಕ ಲೇಖನ ಧ್ವನಿವಿಜ್ಞಾನದ ಜಗತ್ತಿನಲ್ಲಿ ಹೆಸರಾದದ್ದು. ಬಡಗದಲ್ಲಿ ಸಾದಾ ಸ್ವರಗಳ ಜೊತೆಗೆ ನಾಲಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಉಚ್ಚರಿಸುವ ಮೂರ್ಧನ್ಯ ಸ್ವರಗಳಿವೆ, ಆ ಮಡಿಕೆಯಲ್ಲಿಯೂ ಅರ್ಧ ಮತ್ತು ಪೂರ್ಣ ಎಂಬ ಎರಡು ಹಂತಗಳಿವೆ ಎಂದು ಅವರು ಗುರುತಿಸಿದರು. ಬಾಯಿ, ಬಳೆ, ಬೆಳೆ ಎಂಬ ಮೂರು ಅರ್ಥಗಳನ್ನು ಹೇಳುವ ಬಡಗದ ಪದಗಳು ಕನ್ನಡ ಲಿಪಿಯಲ್ಲಿ ಮೂರೂ ‘ಬೆ’ ಎಂದೇ ಆಗುತ್ತವೆ. ಭೇದವಿರುವುದು ಸ್ವರದ ಮಡಿಕೆಯಲ್ಲಿ: ಮೊದಲನೆಯದರಲ್ಲಿ ಅದಿಲ್ಲ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಪೂರ್ಣ. ಕನ್ನಡದಲ್ಲಿ ಳಕಾರ ಹೊತ್ತ ಭಾರವನ್ನು ಬಡಗದಲ್ಲಿ ಸ್ವರವೇ ಹೊತ್ತಿದೆ. ಕನ್ನಡ ಲಿಪಿಗೆ ಅದನ್ನು ಹಿಡಿಯುವ ಚಿಹ್ನೆಯಿಲ್ಲ, ತಮಿಳು ಲಿಪಿಗೂ ಇಲ್ಲ. ಕೆಂಪಿಗೂ ಕಪ್ಪಿಗೂ ಭೇದ ಕಾಣದ ಫಲಕದಂತೆ, ಈ ಲಿಪಿಗಳು ಮೂರು ಪದಗಳನ್ನು ಒಂದೇ ಬಣ್ಣದಲ್ಲಿ ಮುದ್ರಿಸುತ್ತವೆ. ಬಾಸೆಲ್ ಮಿಷನ್ 1890ರಲ್ಲಿ ಮಂಗಳೂರಿನಲ್ಲಿ ಬಡಗ ಭಾಷೆಯ ಸುವಾರ್ತೆಯನ್ನು ಅಚ್ಚುಮಾಡಿದಾಗ ಬಳಸಿದ್ದು ಕನ್ನಡ ಲಿಪಿಯನ್ನೇ. ಪುಟ ಸ್ಫುಟವಾಗಿತ್ತು, ಅಕ್ಷರಗಳು ಅಚ್ಚುಕಟ್ಟಾಗಿದ್ದವು. ಕಾಣೆಯಾದದ್ದು ಏನೆಂಬುದು ಪುಟವನ್ನು ನೋಡುವವನಿಗೆ ತಿಳಿಯುವಂತಿರಲಿಲ್ಲ.

ಬಡಗವನ್ನು ಕನ್ನಡದ ಉಪಭಾಷೆಯೆಂದು ಕರೆಯುವುದು ಇದೇ ಬಗೆಯ ಸ್ಫುಟತೆ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಹೇಳಿಕೊಂಡ ಸುಮಾರು 1 ಲಕ್ಷ 33 ಸಾವಿರ ಜನ ಕನ್ನಡದ ಮೊತ್ತದೊಳಗೆ ಸೇರಿಹೋಗಿದ್ದಾರೆ. ಹೋಲಿಕೆಗಳು ನಿಜ, ನಂಟು ನಿಜ. ಆದರೆ ಕನ್ನಡಕ್ಕೆ ಪರಿಚಿತವಾದ ಬಣ್ಣಗಳಿಗೆ ಮಾತ್ರ ಸ್ಪಂದಿಸುವ ಓದು, ಉಳಿದುದನ್ನು ಅಪಭ್ರಂಶವೆಂಬ ಕಪ್ಪಿನಲ್ಲಿ ಸೇರಿಸಿಬಿಡುತ್ತದೆ. ಕಸೂತಿಯ ಕೆಂಪು ಕಪ್ಪಾದಾಗ ಕಸೂತಿಯೇ ಒರಟೆಂದು ತೀರ್ಮಾನಿಸಿದಂತೆ ಇದು.

ಹೋಲಿಕೆಗೆ ಒಂದು ಮಿತಿಯನ್ನೂ ಹೇಳಬೇಕು. ಫಲಕದ ಕುರುಡು ರಸಾಯನದ್ದು. ಲಿಪಿಯ ಕುರುಡು ರೂಢಿಯದ್ದು. ಫಲಕವನ್ನು ತಿದ್ದಲು ಫೋಗೆಲ್‌ನಂಥವನ ಪ್ರಯೋಗ ಬೇಕಾಯಿತು, ಲಿಪಿಗೆ ಅಕ್ಷರದ ಕೆಳಗೊಂದು ಚುಕ್ಕೆಯೋ ಗೆರೆಯೋ ಸಾಕು. ಆ ಚುಕ್ಕೆ ಲೇಪಕ್ಕೆ ಬೆರೆಸಿದ ಬಣ್ಣವಿದ್ದಂತೆ. ಅದನ್ನು ಬೆರೆಸುವ ಮೊದಲು ಏನೋ ಕಾಣುತ್ತಿಲ್ಲ ಎಂಬ ಅನುಮಾನ ಬರಬೇಕು; ಆ ಅನುಮಾನವೇ ಇಲ್ಲಿ ಸೃಜನಶೀಲ ದೃಷ್ಟಿ. ಬಡಗರ ನಡುವೆ 1960ರ ದಶಕದಿಂದ ಕೆಲಸ ಮಾಡಿದ ಪಾಲ್ ಹಾಕಿಂಗ್ಸ್ 1975ರಲ್ಲಿ ದೃಶ್ಯ ಮಾನವಶಾಸ್ತ್ರದ ತತ್ವಗಳನ್ನು ಕುರಿತ ಮಹತ್ವದ ಗ್ರಂಥವನ್ನು ಸಂಪಾದಿಸಿದವರು. 1992ರಲ್ಲಿ ಕ್ರಿಸ್ಟಿಯಾನ್ ಪಿಲೊ-ರೈಚೂರ್ ಅವರೊಡನೆ ಬಡಗ ನಿಘಂಟನ್ನು ಹೊರತಂದವರೂ ಅವರೇ. ಚಿತ್ರದ ಸಮಸ್ಯೆಯೂ ಪದದ ಸಮಸ್ಯೆಯೂ ಒಬ್ಬನೇ ವಿದ್ವಾಂಸನ ಮೇಜಿನ ಮೇಲೆ ಕೂಡಿದ್ದು ಆಕಸ್ಮಿಕವೆಂದು ತೋರುವುದಿಲ್ಲ. ಎರಡೂ ಕಡೆ ಪ್ರಶ್ನೆ ಒಂದೇ: ಸಲಕರಣೆ ಯಾವುದನ್ನು ಬಿಟ್ಟುಬಿಡುತ್ತಿದೆ?

ಸಲಕರಣೆಯನ್ನು ಮರುಕಟ್ಟಿದವರು

ವಿಲೆಮ್ ಫ್ಲುಸ್ಸರ್ 1983ರ ತನ್ನ ಕಿರುಗ್ರಂಥದಲ್ಲಿ ಕ್ಯಾಮೆರಾವನ್ನು ಮೊದಲೇ ಬರೆದಿಟ್ಟ ಕಾರ್ಯಕ್ರಮವೊಂದನ್ನು ನಡೆಸುವ ಯಂತ್ರವೆಂದು ಕಂಡ. ಅವನ ಪ್ರಕಾರ ಬಹುಪಾಲು ಜನ ಆ ಕಾರ್ಯಕ್ರಮದೊಳಗಿನ ಸಾಧ್ಯತೆಗಳನ್ನು ಪೂರೈಸುತ್ತಾರೆ; ಕೆಲವರು ಮಾತ್ರ ಯಂತ್ರದ ವಿರುದ್ಧ ಆಡುತ್ತಾರೆ. ಈ ವಿವರಣೆ ಉಪಯುಕ್ತ, ಆದರೆ ‘ವಿರುದ್ಧ’ ಎಂಬ ಪದ ಎಲ್ಲ ಕಡೆಯೂ ಹೊಂದುವುದಿಲ್ಲ. ಯಂತ್ರವನ್ನು ದ್ವೇಷಿಸದೆ, ಬಿಚ್ಚಿ, ಅರಿತು, ತನ್ನ ನೋಟಕ್ಕೆ ತಕ್ಕಂತೆ ಮತ್ತೆ ಕಟ್ಟಿಕೊಂಡವರೂ ಇದ್ದಾರೆ.

ಎಂ. ಕೃಷ್ಣನ್ (1912–1996) ಅಂಥವರು. ತಮಿಳು ಕಾದಂಬರಿಕಾರ ಎ. ಮಾಧವಯ್ಯ ಅವರ ಮಗನಾದ ಇವರು 1940ರ ದಶಕದ ಬಹುಭಾಗವನ್ನು ಕನ್ನಡ ನಾಡಿನ ಸಂಡೂರು ಸಂಸ್ಥಾನದ ಸೇವೆಯಲ್ಲಿ ಕಳೆದರು. ಮುಂದೆ ಮದರಾಸಿನಲ್ಲಿ ನೆಲೆಸಿ, ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ತಮ್ಮ ಅಂಕಣವನ್ನು 1950ರಿಂದ ಸಾಯುವವರೆಗೂ ಬರೆದರು. ನೀಲಗಿರಿ ಜಿಲ್ಲೆಯ ಮುದುಮಲೆಯ ಆನೆಗಳು ಅವರ ಛಾಯಾಚಿತ್ರಗಳ ಮುಖ್ಯ ವಸ್ತುಗಳಲ್ಲಿ ಒಂದು. ಬೇರೆ ಬೇರೆ ಕ್ಯಾಮೆರಾ ಮಸೂರಗಳ ಭಾಗಗಳನ್ನು ಸೇರಿಸಿ ತಾವೇ ಕಟ್ಟಿಕೊಂಡ ಭಾರದ ಸಲಕರಣೆಗೆ ಅವರು ‘ಸೂಪರ್ ಪಾಂಡರೋಸಾ’ ಎಂದು ಹೆಸರಿಟ್ಟಿದ್ದರು. ಬಣ್ಣದ ಫಿಲ್ಮು ಎಲ್ಲರ ಕೈಗೆ ಬಂದ ಮೇಲೂ ಅವರು ಕಪ್ಪುಬಿಳುಪನ್ನು ಬಿಡಲಿಲ್ಲ.

ಇದನ್ನು ಹಳೆಯ ಕಾಲದ ಮೋಹವೆಂದೋ ವಿಲಕ್ಷಣತೆಯೆಂದೋ ಕಾಣುವವರಿದ್ದಾರೆ. ಆನೆಯ ಚಿತ್ರವನ್ನು ತೆಗೆಯುವ ಸಮಸ್ಯೆಯನ್ನು ಗಮನಿಸಿದರೆ ಬೇರೆ ಅರ್ಥ ಹೊಳೆಯುತ್ತದೆ. ಎಲೆಯುದುರುವ ಕಾಡಿನ ಚುಕ್ಕಿ ಬಿಸಿಲಿನಲ್ಲಿ ನಿಂತ ಬೂದು ಪ್ರಾಣಿಯ ಮೈಯಲ್ಲಿ ಬಣ್ಣ ಹೇಳುವ ಸಂಗತಿ ಕಡಿಮೆ. ಚರ್ಮದ ಸುಕ್ಕು, ಕಿವಿಯ ಅಂಚು, ಮೈಗೆ ಮೆತ್ತಿಕೊಂಡ ಮಣ್ಣಿನ ಒದ್ದೆ ಮತ್ತು ಒಣ ಭಾಗಗಳು ಹೇಳುವುದು ಹೆಚ್ಚು. ಇವೆಲ್ಲ ಬೂದುಬಣ್ಣದ ಏರಿಳಿತದ ಸಂಗತಿಗಳು. ಅವನ್ನು ಹಿಡಿಯಲು ದೊಡ್ಡ ನೆಗೆಟಿವ್ ಬೇಕು. ಪ್ರಾಣಿಯನ್ನು ಅದರ ಪರಿಸರದಿಂದ ಕತ್ತರಿಸಿ ಮುಖವನ್ನಷ್ಟೇ ದೂರದಿಂದ ಎಳೆದು ತರುವ ಮಸೂರಕ್ಕಿಂತ, ಹಿಂಡನ್ನೂ ಕಾಡನ್ನೂ ಒಟ್ಟಿಗೆ ತೋರಿಸುವ ಮಸೂರ ಬೇಕು. ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಈ ಪ್ರಶ್ನೆಗೆ ಉತ್ತರವಾಗಿರದಿದ್ದಾಗ ಉತ್ತರವನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಇಲ್ಲಿ ತಾಂತ್ರಿಕ ಚಿಂತನೆ ದೃಷ್ಟಿಯ ಸೇವಕನಲ್ಲ. ಆನೆಯನ್ನು ಹೇಗೆ ನೋಡಬೇಕು ಎಂಬ ಯೋಚನೆಯೇ ಹಿತ್ತಾಳೆ, ಗಾಜು, ತಿರುಪುಗಳಲ್ಲಿ ಮುಂದುವರಿದಿದೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮನೋಧರ್ಮ ಪೂರ್ಣಚಂದ್ರ ತೇಜಸ್ವಿಯವರದು. ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಅವರೇ ಕನ್ನಡ ತಂತ್ರಾಂಶದ ಬಗ್ಗೆಯೂ ತಲೆಕೆಡಿಸಿಕೊಂಡರು. ಕ್ಯಾಮೆರಾದ ಮಿತಿಯನ್ನೂ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರದ ಮಿತಿಯನ್ನೂ ಒಂದೇ ಕುತೂಹಲದಿಂದ ನೋಡಬಲ್ಲವರಿಗೆ, ಸಲಕರಣೆಯನ್ನು ತಿದ್ದುವುದು ಸಾಹಿತ್ಯದ ಹೊರಗಿನ ಕೆಲಸವಾಗಿರಲಿಲ್ಲ.

ಇಂದಿನ ಕುಂದಾ

ಫಲಕದ ಕುರುಡು ಹಳೆಯ ಕಥೆಯಾಗಿ ಮುಗಿದಿಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡ್ಯಾಕ್ ಕಂಪನಿ ಮುದ್ರಣಾಲಯಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ಬಿಳಿ ಚರ್ಮದ ಹೆಣ್ಣಿನ ಚಿತ್ರವಿರುತ್ತಿತ್ತು. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದರ್ಥ. ಕಂದು ಛಾಯೆಗಳನ್ನು ಹಿಡಿಯುವಂತೆ ಫಿಲ್ಮನ್ನು ಸುಧಾರಿಸಲು ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ತಯಾರಕರು ಇದ್ದರೆಂಬುದು ಈ ಚರಿತ್ರೆಯನ್ನು ಅಭ್ಯಸಿಸಿದ ಲೋರ್ನಾ ರಾತ್ ದಾಖಲಿಸಿರುವ ಸಂಗತಿ. ಇಂದಿನ ಫೋನು ಕ್ಯಾಮೆರಾದಲ್ಲಿ ಫಲಕದ ಜಾಗಕ್ಕೆ ಲೆಕ್ಕಾಚಾರ ಬಂದಿದೆ. ಮುಖವನ್ನು ಗುರುತಿಸಿ ಬೆಳಗಿಸುವುದು, ಚರ್ಮವನ್ನು ನಯಗೊಳಿಸುವುದು, ಮಂಜನ್ನು ದೋಷವೆಂದು ಭಾವಿಸಿ ತೆಗೆದುಹಾಕುವುದು, ಇವೆಲ್ಲ ಗುಂಡಿ ಒತ್ತಿದವನ ಅರಿವಿಗೆ ಬಾರದಂತೆ ನಡೆದುಹೋಗಬಹುದು. ಕುಂದಾದಲ್ಲಿ ಮಂಜು ದೋಷವಲ್ಲ. ಮಂಜೂರಿನ ರಸ್ತೆಯಲ್ಲಿ ನಡೆಯುವವನಿಗೆ ಅದು ದೂರವನ್ನು ಅಳೆಯುವ ಕ್ರಮ. ಹಿಂದೆ ಮುಖವನ್ನು ಕಪ್ಪಾಗಿಸಿದ ತಂತ್ರ ಈಗ ಬೆಳ್ಳಗಾಗಿಸುತ್ತದೆ. ಎರಡು ಸಲವೂ ತೀರ್ಮಾನ ಬೆಟ್ಟದ ಹೊರಗೇ ಆಗಿದೆ.

ಕಿರುನುಡಿಗಳ ದಾಖಲೀಕರಣದಲ್ಲಿ ತೊಡಗಿದವರಿಗೆ ಈ ಚರ್ಚೆಯಿಂದ ಕೆಲವು ನೇರ ಪರಿಣಾಮಗಳಿವೆ. ಬಡಗದ ಮೂರ್ಧನ್ಯ ಸ್ವರಭೇದ ಇಂದಿನ ಬಹುಪಾಲು ಮಾತುಗಾರರಲ್ಲಿ ಕ್ಷೀಣಿಸಿದೆ, ಅದನ್ನು ಪೂರ್ತಿಯಾಗಿ ಉಳಿಸಿಕೊಂಡವರು ವಿರಳ. ಅಂಥವರ ಮಾತನ್ನೂ ಮುಖವನ್ನೂ ಹಿಡಿಯಲು ಹೊರಟಾಗ ಯಂತ್ರದ ಸಿದ್ಧ ಆಯ್ಕೆಗಳನ್ನು ಹಾಗೆಯೇ ಬಿಡುವುದು ತಟಸ್ಥತೆಯಲ್ಲ. ನಾಲಗೆಯ ಮಡಿಕೆಯನ್ನು ಧ್ವನಿಯಲ್ಲಿ ಗುರುತಿಸಲು ಬೇಕಾದ ಎತ್ತರದ ಆವರ್ತನಗಳನ್ನು ಕೂಡಿಸಿ ಕುಗ್ಗಿಸುವ ಮುದ್ರಣಕ್ಕಿಂತ ಕುಗ್ಗಿಸದ ಮುದ್ರಣ ಬೇಕು. ಮುಖವನ್ನು ತಾನೇ ತಿದ್ದುವ ಕಡತಕ್ಕಿಂತ ತಿದ್ದದ ಕಚ್ಚಾ ಕಡತ ಬೇಕು. ಬೆಳಕನ್ನು ಬಿಳಿಯ ಸೀಲೆಗೆ ಹೊಂದಿಸಲಾಯಿತೇ, ಮುಖಕ್ಕೆ ಹೊಂದಿಸಲಾಯಿತೇ, ಯಾವ ಮಸೂರ, ಯಾವ ದೂರ ಎಂಬ ವಿವರ ಚಿತ್ರದ ಜೊತೆಗೇ ಇರಬೇಕು. ಭಾಷಾವಿಜ್ಞಾನಿ ತನ್ನ ಲಿಪ್ಯಂತರ ಕ್ರಮವನ್ನು ಮೊದಲ ಪುಟದಲ್ಲಿ ಹೇಳುವ ಹಾಗೆ.

ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ಸರಿಯಾಗಿದೆಯೇ ಎಂದು ತೀರ್ಮಾನಿಸುವ ಹಕ್ಕು ಚಿತ್ರದಲ್ಲಿರುವವರಿಗೂ ಸಿಗಬೇಕು. ಒದ್ದೆ ಫಲಕದ ಮುಂದೆ ಉಸಿರು ಬಿಗಿಹಿಡಿದು ಕುಳಿತವರಿಗೆ ಸಂಸ್ಕರಿಸಿದ ಗಾಜನ್ನು ತೋರಿಸಿ ‘ಇದು ನಿಮ್ಮ ಬಣ್ಣವೇ?’ ಎಂದು ಕೇಳುವ ಪದ್ಧತಿ ಇರಲಿಲ್ಲ. ಈಗ ಪರದೆಯ ಮೇಲೆ ಚಿತ್ರ ಆ ಕ್ಷಣವೇ ಮೂಡುತ್ತದೆ. ಕೀಳ್ಕುಂದಾದಲ್ಲಿಯೋ ಮೇಲ್ಕುಂದಾದಲ್ಲಿಯೋ ಒಬ್ಬ ಅಜ್ಜಿಯ ಮುಂದೆ ಅದನ್ನು ಹಿಡಿದು, ಮಂಡೆಪಟ್ಟಿನ ಮಡಿಕೆಯೂ ಕೆನ್ನೆಯ ಬಣ್ಣವೂ ಅವಳು ಬಲ್ಲಂತೆಯೇ ಬಂದಿವೆಯೇ ಎಂದು ಕೇಳಲು ಅರ್ಧ ನಿಮಿಷ ಸಾಕು. ಅವಳು ಇಲ್ಲವೆಂದರೆ ಮತ್ತೆ ತೆಗೆಯಬೇಕು. ಅವಳ ಉತ್ತರವನ್ನು ಬರೆದುಕೊಳ್ಳುವವರು ಅದರ ಸ್ವರಗಳನ್ನೂ ಬಿಡದೆ ಬರೆದುಕೊಳ್ಳಬೇಕು.